ಖಾಲಿಯಾಗಿ ಬಂದ ಬಟ್ಟಲು

ಆಸ್ಪತ್ರೆಯ ಅಡುಗೆಮನೆಯ ಮೂಲೆಯಲ್ಲಿ ಗಾಜಿನ ಗೋಡೆ ಎಬ್ಬಿಸಿ ಮಾಡಿದ ಒಂದು ಕೋಣೆ ಇತ್ತು. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಎಷ್ಟೇ ಸೆಕೆಯಾದರೂ ಅಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಗಾಳಿಗೆ ತಕ್ಕಡಿಯ ಅಂಕಿ ನಡುಗುತ್ತಿತ್ತು. ಹತ್ತು ಗ್ರಾಂ ಬೆಣ್ಣೆ, ಆರು ಗ್ರಾಂ ಎಣ್ಣೆ, ಹದಿನೈದೂವರೆ ಗ್ರಾಂ ಕೆನೆ, ಹದಿನೆಂಟು ಗ್ರಾಂ ಮೊಟ್ಟೆ, ಹನ್ನೆರಡು ಗ್ರಾಂ ಹೂಕೋಸು. ಒಂದು ಮಗುವಿನ ಒಂದು ಹೊತ್ತಿನ ಊಟ ಅದು. ಕೊನೆಯ ಅರ್ಧ ಗ್ರಾಂ ಕೆನೆ ಬಿಡುವಾಗ ತೂಗುವವಳು ಉಸಿರು ಬಿಗಿಹಿಡಿಯುತ್ತಿದ್ದಳು. ಅಡುಗೆಮನೆಯವರು ಅವಳಿಗೆ ಇಟ್ಟ ಹೆಸರು ಅರ್ಧಗ್ರಾಂ ಅಕ್ಕ.

ಐವತ್ಮೂರು ದಾಟಿದ, ಸಪೂರ ಮೈಯ, ಚುರುಕು ಕಣ್ಣಿನ ಹೆಂಗಸು. ಮುಖಕ್ಕಿಂತ ಮೊದಲು ಎದುರಿಗಿದ್ದವರ ಕೈ ನೋಡುತ್ತಿದ್ದಳು. ಬೆಣ್ಣೆಯ ಪೊಟ್ಟಣದ ಮೇಲೆ ನೂರು ಗ್ರಾಂ ಎಂದು ಅಚ್ಚಾಗಿದ್ದರೆ ಅದನ್ನೂ ಒಮ್ಮೆ ತೂಗಿ, ಮೂಗು ಮುರಿದು, ಒಳಗಿಡುತ್ತಿದ್ದಳು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಅವಳ ಗಂಡ ಬಂದವರೆದುರು ಹೇಳಿಕೊಂಡು ನಗುತ್ತಿದ್ದ: "ನಮ್ಮನೆಯವಳು ಕನ್ನಡಿ ಮುಂದೆ ನಿಂತ್ರೂ, ಒಳಗಿರೋಳು ಯಾರು, ಎಲ್ಲಿಂದ ಬಂದ್ಲು ಅಂತ ವಿಚಾರಿಸಿಯೇ ತಲೆ ಬಾಚ್ಕೊಳ್ಳೋದು." ಅವಳೂ ನಗುತ್ತಿದ್ದಳು. ನಕ್ಕು, ಅವನು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಾನೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುತ್ತಿದ್ದಳು. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಅವಳ ಅನುಮಾನ ಸಾಮಾನ್ಯವಾಗಿ ಸುಳ್ಳಾಗುತ್ತಿರಲಿಲ್ಲ.

ಆ ವರ್ಷ ಮೂರನೇ ಮಹಡಿಯ ಕಿಟಕಿ ಪಕ್ಕದ ಹಾಸಿಗೆಗೆ ಒಂದು ವರ್ಷ ಎರಡು ತಿಂಗಳ ಹೆಣ್ಣುಮಗು ಬಂತು. ಮಗುವಿನ ಜೊತೆ ಇರುತ್ತಿದ್ದವಳು ಅದರ ತಾಯಿಯ ತಾಯಿ. ತಾಯಿಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ, ಸಂಜೆ ಐದೂವರೆಗೆ ಬರುತ್ತಿದ್ದಳು. ಅಜ್ಜಿ ಮಗುವನ್ನು ಬಟಾಣಿ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಎದ್ದು ಹಾಲಿಗೆ ಬಾಯಿ ಹಾಕುವ ಮೊದಲೇ ಬಟಾಣಿಯ ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿದ್ದವು, ಆಮೇಲೆ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಹೊಟ್ಟೆ ತುಂಬಿದ ಮೇಲೆ ಸ್ವಲ್ಪ ಹಗುರ. ಮೂರು ಬಗೆಯ ಔಷಧಿ ಕೊಟ್ಟು ನೋಡಿದ್ದರು, ಯಾವುದೂ ನಾಟಿರಲಿಲ್ಲ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ ಮೇಲೆಯೇ ಕಾರಣ ಸಿಕ್ಕಿದ್ದು.

ಡಾಕ್ಟರಮ್ಮ ಅದನ್ನು ಅಜ್ಜಿಗೆ ವಿವರಿಸಿದ ದಿನ ಅಕ್ಕನೂ ಅಲ್ಲಿದ್ದಳು. ತಾನು ತೂಗುವ ಊಟ ಯಾರ ಹೊಟ್ಟೆಗೆ ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ ಎಂದು ಮೊದಲೇ ಒಮ್ಮೆ ಕಣ್ಣಾರೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

"ಮಿದುಳು ಒಂದು ಮನೆ ಅಂದ್ಕೊಳ್ಳಿ ಅಜ್ಜಿ," ಎಂದರು ಡಾಕ್ಟರಮ್ಮ. "ರಕ್ತ ಅನ್ನೋದು ಮನೆ ಮುಂದಿನ ಬೀದಿ. ಬೀದೀಲಿ ಸಕ್ಕರೆ ಬೇಕಾದಷ್ಟು ಓಡಾಡ್ತಿದೆ. ಆದ್ರೆ ಆ ಮನೆ ಗೋಡೆ ಬಲು ಬಿಗಿ. ಯಾರು ಬಂದ್ರೂ ಸುಮ್ಮನೆ ಒಳಗೆ ಬಿಡಲ್ಲ. ಸಕ್ಕರೆಗೆ ಅಂತಾನೇ ಬೇರೆ ಬಾಗಿಲು ಬೇಕು. ನಿಮ್ಮ ಮೊಮ್ಮಗಳಿಗೆ ಆ ಬಾಗಿಲುಗಳು ಹುಟ್ಟಿನಿಂದ್ಲೇ ಅರ್ಧಕ್ಕರ್ಧ ಇಲ್ಲ."

"ಅಂದ್ರೆ ಊಟ ಬಾಗಿಲವರೆಗೂ ಬರುತ್ತೆ, ಒಳಗಿರೋರು ಉಪವಾಸ."

"ಹೂಂ, ಅಷ್ಟೇ. ಆದ್ರೆ ಇನ್ನೊಂದು ಬಾಗಿಲಿದೆ. ಹಾಲು ಕುಡಿಯೋ ವಯಸ್ಸಲ್ಲಿ ಎಲ್ಲ ಮಕ್ಕಳ ಮಿದುಳೂ ಸಕ್ಕರೆ ಒಂದನ್ನೇ ನಂಬ್ಕೊಂಡಿರಲ್ಲ. ಹಾಲಲ್ಲಿರೋ ಕೊಬ್ಬನ್ನ ಲಿವರ್ ಬೇರೆ ಥರ ಇಂಧನ ಮಾಡುತ್ತೆ, ಕೀಟೋನ್ ಅಂತ. ಅದಕ್ಕೆ ಆಗ ಬಾಗಿಲು ಅಗಲವಾಗಿ ತೆಗೆದಿರುತ್ತೆ. ಹಾಲು ಬಿಟ್ಟು ಬೇರೆ ಊಟ ಶುರು ಆದ ಹಾಗೆ ಸಕ್ಕರೆ ಬಾಗಿಲು ಹೆಚ್ಚಾಗ್ತಾ ಹೋಗುತ್ತೆ, ಈ ಬಾಗಿಲು ನಿಧಾನಕ್ಕೆ ಕಿರಿದಾಗುತ್ತೆ. ನಾವೀಗ ಏನ್ಮಾಡ್ಬೇಕು ಅಂದ್ರೆ, ಅದು ಕಿರಿದಾಗದ ಹಾಗೆ ದಿನಾ ಅಲ್ಲಿಂದ್ಲೇ ಓಡಾಡ್ಬೇಕು. ಬರೀ ಕೊಬ್ಬಿನ ಊಟ. ಸಕ್ಕರೆ, ಅಕ್ಕಿ, ಹಣ್ಣು ಒಂದು ಚೂರೂ ಬೇಡ."

"ಹಿತ್ತಿಲ ಬಾಗಿಲಿಂದ ಊಟ ಬಡಿಸೋದು ಅನ್ನಿ," ಎಂದಳು ಅಜ್ಜಿ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕೇಳಿದ್ಯೇನೇ ಬಟಾಣಿ? ಹೆಸರು ಬಟಾಣಿ, ತಿನ್ನೋಕೆ ಮಾತ್ರ ಒಂದು ಬಟಾಣಿನೂ ಇಲ್ಲ ನಿನಗೆ."

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮಿದುಳು ಅತಿ ಹೆಚ್ಚು ಬೆಳೆಯುವ ಕಾಲ ಇದೇ, ಈಗ ಹಸಿದುಕೊಂಡು ಕಳೆದ ತಿಂಗಳುಗಳನ್ನು ಆಮೇಲೆ ತುಂಬಿಕೊಡುವುದು ಕಷ್ಟ ಎಂದರು. ಅಜ್ಜಿ ತಲೆಯಾಡಿಸಿದಳು.

ಅಕ್ಕನಿಗೆ ಆ ಮಾತುಗಳಲ್ಲಿ ಹಿಡಿಸಿದ್ದು ಗೋಡೆಯ ಸಂಗತಿ. ಗುರುತು ನೋಡದೆ ಯಾರನ್ನೂ ಒಳಗೆ ಬಿಡದ ಮಿದುಳಿನ ಮೇಲೆ ಅವಳಿಗೆ ಗೌರವ ಬಂತು. ಮೆಟ್ಟಿಲಿಳಿಯುವಾಗ, ನನ್ನ ಬುದ್ಧಿಯೇ ಅದಕ್ಕೂ ಇದೆಯಲ್ಲ ಎಂದುಕೊಂಡಳು.

ಸೋಮವಾರ ಊಟ ಶುರುವಾಯಿತು. ಮೊದಲ ಐದು ದಿನ ಸಿಸ್ಟರೇ ತಿನ್ನಿಸಬೇಕೆಂಬುದು ವಾರ್ಡಿನ ನಿಯಮ. ಅಜ್ಜಿಯ ಮಡಿಲಲ್ಲಿ ಮಗುವನ್ನು ಕೂರಿಸಿ ಸಿಸ್ಟರ್ ತಿನ್ನಿಸಿದರು. ಪ್ರತಿ ದಿನ ಬೆಳಿಗ್ಗೆ ಮಗುವಿನ ಮೂತ್ರದಲ್ಲಿ ಒಂದು ಸಣ್ಣ ಪಟ್ಟಿ ಅದ್ದಿ ನೋಡುತ್ತಿದ್ದರು. ಕೊಬ್ಬಿನ ಇಂಧನ ಮೈಯಲ್ಲಿ ಸಾಕಷ್ಟಿದ್ದರೆ ಪಟ್ಟಿ ಗಾಢ ನೇರಳೆ, ಇಲ್ಲದಿದ್ದರೆ ಪೇಲವ ಗುಲಾಬಿ. ಗುರುವಾರಕ್ಕೆ ಪಟ್ಟಿ ನೇರಳೆಯಾಯಿತು. ಶುಕ್ರವಾರ ಬೆಳಿಗ್ಗೆ ಬಟಾಣಿ ಎದ್ದು, ಕಣ್ಣು ಓಡಿಸದೆ, ಕಿಟಕಿಯ ಬೆಳಕನ್ನು ನೆಟ್ಟಗೆ ನೋಡಿತು. ಅಜ್ಜಿ ಅದನ್ನು ಕಂಡವರಿಗೆಲ್ಲ ಹೇಳಿದಳು, ನೆಲ ಒರೆಸುವವಳಿಗೆ ಎರಡು ಸಲ ಹೇಳಿದಳು.

ಶನಿವಾರದಿಂದ ಅಜ್ಜಿಯೇ ತಿನ್ನಿಸತೊಡಗಿದಳು. ಸೋಮವಾರ ಪಟ್ಟಿ ಮಸುಕಾಯಿತು. ಮಂಗಳವಾರ ಗುಲಾಬಿ. ಬುಧವಾರ ಬೆಳಿಗ್ಗೆ ಮಗು ಮತ್ತೆ ಸೆಟೆದುಕೊಂಡಿತು.

ಸುದ್ದಿ ಕೆಳಗೆ ಬಂದ ಕೂಡಲೇ ಅಕ್ಕ ಮೊದಲು ಸಂಶಯಪಟ್ಟದ್ದು ತಕ್ಕಡಿಯ ಮೇಲೆ. ಹಿತ್ತಾಳೆಯ ತೂಕದ ಬೊಟ್ಟು ಇಟ್ಟು ನೋಡಿದಳು, ಸರಿಯಿತ್ತು. ಬ್ಯಾಟರಿ ಬದಲಿಸಿದಳು. ಕೆನೆಯ ಡಬ್ಬಿಯ ಮೇಲಿನ ಅಕ್ಷರಗಳನ್ನು ಕನ್ನಡಕ ಹಾಕಿ, ಆಮೇಲೆ ಕನ್ನಡಕದ ಮುಂದೆ ಭೂತಗನ್ನಡಿಯನ್ನೂ ಹಿಡಿದು ಓದಿದಳು. ಔಷಧಿ ಕೊಡುವ ಕಡೆ ಹೋಗಿ ಮಾತ್ರೆಗಳಲ್ಲಿ ಸಕ್ಕರೆ ಇದೆಯೇ ಎಂದು ಕೇಳಿ ಬೈಸಿಕೊಂಡಳು. ಎಲ್ಲೂ ತಪ್ಪಿರಲಿಲ್ಲ. ಹಾಗಾದರೆ ಮಗು ಊಟ ಬಿಡುತ್ತಿದೆಯೇ? ಅದನ್ನು ತಿಳಿಯಲು ಪಾತ್ರೆ ತೊಳೆಯುವವನ ಬಳಿಗೆ ಹೋದಳು. ದಿನವಿಡೀ ಹಾಡು ಗೊಣಗುತ್ತ, ಬಾಯಿಗೆ ಬಂದದ್ದು ಆಡುವ ಮನುಷ್ಯ. ಎಲ್ಲರೂ ಅವನನ್ನು ರೇಡಿಯೋ ಅನ್ನುತ್ತಿದ್ದರು.

"ಮೂರನೇ ಮಹಡಿ ಕಿಟಕಿ ಹಾಸಿಗೆ ಬಟ್ಟಲಾ?" ಎಂದ ರೇಡಿಯೋ. "ಅಕ್ಕಾ, ಅದು ಬಟ್ಟಲಲ್ಲ, ಬಂಗಾರ. ಮೊದಲನೇ ವಾರ ಸ್ವಲ್ಪ ಜಿಡ್ಡಿರ್ತಿತ್ತು. ಈಗ ನೋಡು, ಫಳಫಳ. ತೊಳೆಯೋಕೆ ನನಗೇ ನಾಚಿಕೆ ಆಗುತ್ತೆ. ಆ ಮಗುನ ನಮ್ಮನೆಗೆ ಕಳಿಸು, ನನ್ನ ಹೆಂಡ್ತಿ ಸೋಪು ಉಳಿಯುತ್ತೆ."

ಬಟ್ಟಲು ಖಾಲಿ. ಊಟ ಪೂರ್ತಿ ಹೊಟ್ಟೆಗೆ ಹೋಗಿದೆ. ಆದರೂ ಪಟ್ಟಿ ಗುಲಾಬಿ. ಅಂದರೆ ಊಟದ ಜೊತೆ ಇನ್ನೇನೋ ಹೋಗುತ್ತಿದೆ. ಸಿಸ್ಟರ್ ತಿನ್ನಿಸಿದ ದಿನಗಳಲ್ಲಿ ಇಲ್ಲದ್ದು, ಅಜ್ಜಿ ಕೈಯಿಟ್ಟ ದಿನದಿಂದ ಬಂದದ್ದು. ಅಕ್ಕನ ಲೆಕ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ.

ಮಧ್ಯಾಹ್ನದ ಬಟ್ಟಲನ್ನು ತಾನೇ ಹಿಡಿದು ಮೇಲೆ ಹೋದಳು. ವಾರ್ಡಿನ ಬಾಗಿಲಿನ ಗಾಜಿನಿಂದ ನೋಡಿದರೆ ಅಜ್ಜಿ ಮಂಚದ ತುದಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಕೈ ಚೀಲದೊಳಗಿತ್ತು. ಬಾಗಿಲ ಸದ್ದಾದದ್ದೇ ಕೈ ಹೊರಬಂತು, ಚೀಲದ ಬಾಯಿ ಮಡಿಸಿಕೊಂಡಿತು.

"ಏನಜ್ಜಿ ಚೀಲದಲ್ಲಿ?"

"ಏನಿಲ್ಲ. ಮಗು ಬಟ್ಟೆ."

ಮಗುವಿನ ಬಟ್ಟೆ ಎದುರಿನ ಕಪಾಟಿನಲ್ಲಿ ಮಡಿಸಿಟ್ಟಿತ್ತು. ಅಕ್ಕ ಅದನ್ನೂ ನೋಡಿದಳು, ಚೀಲವನ್ನೂ ನೋಡಿದಳು, ಬಟ್ಟಲು ಇಟ್ಟು ಹೊರಗೆ ಬಂದಳು.

ಮುಚ್ಚಿದ ಚೀಲಗಳು ಅವಳಿಗೆ ಹಳೆಯ ಪರಿಚಯ. ಹದಿನಾರನೇ ವಯಸ್ಸಿನಿಂದ ಹದಿಮೂರು ವರ್ಷ ಅವಳು ಹಳೆಯ ಕಾಗದದ ಗುಜರಿ ಅಂಗಡಿಯಲ್ಲಿ ತೂಕಕ್ಕೆ ನಿಂತವಳು. ಜನ ಮೂಟೆಯ ಮಧ್ಯದಲ್ಲಿ ಇಟ್ಟಿಗೆ ಇಟ್ಟು ತರುತ್ತಿದ್ದರು. ಜಾಣರು ಇಟ್ಟಿಗೆ ಇಡುತ್ತಿರಲಿಲ್ಲ, ನೀರು ಚಿಮುಕಿಸಿ ಒಣ ಕಾಗದದ ನಡುವೆ ಒದ್ದೆ ಕಾಗದ ಸೇರಿಸುತ್ತಿದ್ದರು. ಅವಳು ತೋಳು ಮೊಣಕೈವರೆಗೆ ಮೂಟೆಯೊಳಗೆ ಇಳಿಸಿ, ಬೆರಳ ತುದಿಯಲ್ಲೇ ಹೇಳಿಬಿಡುತ್ತಿದ್ದಳು. ನಗುತ್ತ ಬಂದವರು, ಅಳುತ್ತ ಬಂದವರು, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಂದವರು. ಎಲ್ಲರ ಮೂಟೆಗೂ ಕೈ ಹಾಕಿದ್ದಳು. ಅವರಲ್ಲಿ ಎಷ್ಟು ಮಂದಿ ಸಾಚಾ ಎಂಬುದು ಈಗ ಅವಳಿಗೆ ನೆನಪಿರಲಿಲ್ಲ, ಮೋಸ ಹಿಡಿದದ್ದು ಮಾತ್ರ ಒಂದೊಂದೂ ನೆನಪಿತ್ತು.

ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದಳು: "ಅಜ್ಜಿ ಏನೋ ತಿನ್ನಿಸ್ತಾರೆ ಡಾಕ್ಟ್ರೇ. ಚೀಲದಲ್ಲಿಟ್ಕೊಂಡಿದ್ದಾರೆ. ನಾನು ನೋಡ್ದೆ."

"ಏನು ನೋಡಿದ್ರಿ?"

"ಮುಚ್ಚಿಟ್ಟಿದ್ದು ನೋಡ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಜ್ಜೀರು ಪ್ರೀತಿಗೆ ಕೊಡ್ತಾರೆ. ಒಂದು ಚೂರು ಬಿಸ್ಕೆಟ್ಟು, ಒಂದು ಚಮಚೆ ಹಣ್ಣಿನ ರಸ. ಅಷ್ಟು ಸಾಕು, ಎಲ್ಲ ಕೆಡುತ್ತೆ." ಕಿಟಕಿಯ ಕಡೆ ನೋಡಿ ಮತ್ತೆ ಹೇಳಿದರು: "ಇದು ಅರ್ಧಂಬರ್ಧ ನಡೆಸೋ ಊಟ ಅಲ್ಲ. ಶನಿವಾರದವರೆಗೂ ನೋಡ್ತೀನಿ. ಪಟ್ಟಿ ಬಣ್ಣ ತಿರುಗದಿದ್ರೆ ನಿಲ್ಲಿಸಿಬಿಡ್ತೀನಿ. ಮನೇಲಿ ನಂಬಿಕಸ್ಥರಿಲ್ಲದೆ ಇದನ್ನ ಮನೆಗೆ ಕಳಿಸೋಕಾಗಲ್ಲ."

"ನಿಲ್ಲಿಸಿದ್ರೆ ಮಗು?"

"ಔಷಧೀನೇ ಮುಂದುವರಿಸೋದು. ಅದು ಹಿಡೀಲಿಲ್ಲ ಅಂತಾನೇ ಇಲ್ಲಿಗೆ ಬಂದದ್ದು, ಗೊತ್ತಲ್ಲ ನಿಮಗೆ."

ಸಂಜೆ ತಾಯಿ ಬಂದಾಗ ಡಾಕ್ಟರಮ್ಮ ಅವಳನ್ನು ಕರೆದು ಮಾತಾಡಿದರು. ಆಮೇಲೆ ವಾರ್ಡಿನಲ್ಲಿ ನಡೆದದ್ದನ್ನು ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ಖಾಲಿ ಬಟ್ಟಲು ತರಲು ಬಂದೆ ಎಂಬ ನೆಪ ಅವಳ ಕೈಯಲ್ಲಿತ್ತು.

"ಅಮ್ಮಾ, ನಿಜ ಹೇಳು. ಏನು ಕೊಟ್ಟೆ ಮಗೂಗೆ?"

"ಬಟ್ಟಲಲ್ಲಿ ಬಂದಿದ್ದು ಕೊಟ್ಟೆ."

"ಆ ಚೀಲ ತೆಗೆದು ತೋರ್ಸು."

"ತೋರ್ಸಲ್ಲ."

"ಯಾಕೆ ತೋರ್ಸಲ್ಲ? ಏನೂ ಇಲ್ದೆ ಇದ್ರೆ ತೋರ್ಸೋಕೇನು?"

"ಹೆತ್ತ ಮಗಳು ನನ್ನ ಚೀಲ ತಡಕೋ ಕಾಲ ಬಂತಲ್ಲ, ಅದಕ್ಕೇ ತೋರ್ಸಲ್ಲ."

"ನಾಳೆಯಿಂದ ನೀನು ಬರ್ಬೇಡಮ್ಮ," ಎಂದಳು ಮಗಳು. ಹೇಳಿ ಅತ್ತಳು. ಹಾಗೆ ಅತ್ತದ್ದಕ್ಕೆ ಸಿಟ್ಟಾಗಿ ಇನ್ನೂ ಗಟ್ಟಿಯಾಗಿ, "ಬರ್ಲೇಬೇಡ," ಎಂದಳು.

ಅಜ್ಜಿ ಎದ್ದಳು. ಮಗುವಿನ ಹಣೆ ಸವರಿದಳು, ಚೀಲ ಕಂಕುಳಿಗೆ ಸೇರಿಸಿದಳು. ಬಾಗಿಲಲ್ಲಿ ಅಕ್ಕನನ್ನು ಕಂಡು ಒಂದು ಗಳಿಗೆ ನಿಂತಳು. ದಾಟಿ ಹೋದಳು.

ಗೆದ್ದವಳ ಹಾಗೆ ಅನ್ನಿಸಬೇಕಿತ್ತು. ಹಾಗೆ ಅನ್ನಿಸಲಿಲ್ಲ, ಯಾಕೆಂದರೆ ಕೈಯಲ್ಲಿ ಸಾಕ್ಷಿ ಇರಲಿಲ್ಲ. ತಾಯಿ ಮುಖ ತೊಳೆಯಲು ಹೋದ ಹೊತ್ತಿನಲ್ಲಿ ಅಕ್ಕ ಮಂಚದ ಪಕ್ಕದ ಕಸದ ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಒಂದು ಬಿಸ್ಕೆಟ್ ಪೊಟ್ಟಣ, ಒಂದು ಮಿಠಾಯಿಯ ಕಾಗದ, ಒಂದು ಹಣ್ಣಿನ ಸಿಪ್ಪೆ. ಏನಾದರೂ ಸಿಗುತ್ತದೆ ಎಂದು ಕೈ ಹಾಕಿದಳು. ಸಿಕ್ಕಿದ್ದು ಕೈಕಾಗದ. ಕ್ಯಾಂಟೀನಿನ ಟೇಬಲ್ಲಿನ ಮೇಲೆ ಇಟ್ಟಿರುವಂಥ ತೆಳು ಬಿಳಿ ಕಾಗದ, ನಾಲ್ಕು ನಾಲ್ಕು ಸೇರಿಸಿ ಚೊಕ್ಕವಾಗಿ ಮಡಿಸಿದ ಉಂಡೆಗಳು, ಮೂರು. ಅವುಗಳನ್ನು ಬದಿಗಿಟ್ಟು ತಳದವರೆಗೆ ತಡಕಿದಳು. ಬೇರೇನೂ ಇರಲಿಲ್ಲ.

ಮತ್ತೆ ಬುಟ್ಟಿಗೆ ಹಾಕಲು ಒಂದು ಉಂಡೆ ಎತ್ತಿಕೊಂಡಾಗ ಅವಳ ಅಂಗೈ ತಡೆಯಿತು. ಕಾಗದಕ್ಕೆ ಅಷ್ಟು ತೂಕವಿರುವುದಿಲ್ಲ.

ಬೆರಳಲ್ಲಿ ಒತ್ತಿದಳು. ನೀರಲ್ಲ. ಮೂಗಿಗೆ ಹಿಡಿದಳು. ಬೆಣ್ಣೆ.

ಮೂರೂ ಉಂಡೆಗಳನ್ನು ಹಿಡಿದು ಕೆಳಗೆ ಬಂದಳು. ಗಾಜಿನ ಬಾಗಿಲು ಹಾಕಿಕೊಂಡಳು. ಕ್ಯಾಂಟೀನಿನಿಂದ ತಂದ ನಾಲ್ಕು ಒಣ ಕಾಗದ ತೂಗಿದಳು: ಆರು ಗ್ರಾಂ. ಬುಟ್ಟಿಯ ನಾಲ್ಕು ತೂಗಿದಳು: ಹನ್ನೊಂದು. ಎರಡನೆಯ ಉಂಡೆ ಹನ್ನೊಂದೂವರೆ. ಮೂರನೆಯದನ್ನು ತೂಗುವ ಅಗತ್ಯವಿರಲಿಲ್ಲ, ಆದರೂ ತೂಗಿದಳು.

ಒಂದೊಂದು ಹೊತ್ತಿಗೂ ಐದು ಗ್ರಾಂ ಕೊಬ್ಬು ಮಗುವಿನ ಬಾಯಿಗೆ ಹೋಗದೆ ಕಾಗದಕ್ಕೆ ಹೋಗಿತ್ತು. ಅಂದರೆ ಊಟದಲ್ಲಿದ್ದ ಒಟ್ಟು ಕೊಬ್ಬಿನ ಕಾಲು ಪಾಲು. ಮೊಟ್ಟೆ, ಹೂಕೋಸು ಹೊಟ್ಟೆಗೆ ಹೋಗಿದ್ದವು, ಬಟ್ಟಲ ತಳದಲ್ಲಿ ನಿಂತ ಬೆಣ್ಣೆ, ಎಣ್ಣೆ ಒರೆಸಿ ಹೋಗಿದ್ದವು. ಅವಳು ಉಸಿರು ಬಿಗಿಹಿಡಿದು ಬಿಟ್ಟ ಅರ್ಧ ಗ್ರಾಮಿನಂಥ ಹತ್ತು ಅರ್ಧ ಗ್ರಾಮುಗಳು. ಹೋಗುವುದನ್ನು ಇಷ್ಟು ವರ್ಷ ತೂಗಿದ್ದಳೇ ಹೊರತು ಬರುವುದನ್ನು ಒಮ್ಮೆಯೂ ತೂಗಿರಲಿಲ್ಲ. ಕಣ್ಣಿಗೆ ಖಾಲಿ ಕಂಡದ್ದನ್ನು ಖಾಲಿ ಎಂದೇ ನಂಬಿದ್ದಳು. ಏನನ್ನೂ ನಂಬದವಳು ಅದೊಂದನ್ನು ನಂಬಿದ್ದಳು.

ಮೇಲೆ ಹೋಗಿ ತಾಯಿಗೆ ಕಾಗದ ತೋರಿಸಿ ಹೇಳಿದಳು. ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಅಕ್ಕನನ್ನು ಬೈಯಲಿಲ್ಲ. "ಅಯ್ಯೋ, ನಮ್ಮಮ್ಮಂಗೆ ಎಂಥ ಮಾತಂದೆ," ಎಂದು ಮಂಚದ ಸರಳು ಹಿಡಿದುಕೊಂಡಳು. ಮನೆಗೆ ಫೋನು ಮಾಡಿದಳು, ಅಜ್ಜಿ ಎತ್ತಲಿಲ್ಲ.

ಡಾಕ್ಟರಮ್ಮ ತೂಕದ ಚೀಟಿ ನೋಡಿ, ಎರಡು ಸಲ ಓದಿ, "ಸರಿ. ಆದ್ರೆ ಶನಿವಾರ ಶನಿವಾರವೇ," ಎಂದರು. "ಕಾರಣ ಇದೇನಾ ಅಂತ ಪಟ್ಟಿನೇ ಹೇಳ್ಬೇಕು. ಇನ್ಮೇಲೆ ತಳ ಕೆರೆದು ಪೂರ್ತಿ ತಿನ್ನಿಸಿ. ಎರಡು ದಿನ ಇದೆ."

ಗುರುವಾರ ಬೆಳಿಗ್ಗೆ ಸಿಸ್ಟರ್ ಬಟ್ಟಲು ಹಿಡಿದರು. ಬಟಾಣಿ ತುಟಿ ಬಿಗಿದುಕೊಂಡಿತು. ತಾಯಿ ಮಡಿಲಲ್ಲಿ ಕೂರಿಸಿಕೊಂಡಳು, ಹಾಡಿದಳು, ಗದರಿದಳು. ಮಗು ಚಮಚೆಯನ್ನಲ್ಲ, ಬಾಗಿಲನ್ನು ನೋಡುತ್ತಿತ್ತು. ಹುಟ್ಟಿದಾಗಿನಿಂದ ಅದು ಉಂಡದ್ದೆಲ್ಲ ಒಂದೇ ಮಡಿಲಲ್ಲಿ. ಬಟ್ಟಲು ಮುಕ್ಕಾಲು ತುಂಬಿಯೇ ಕೆಳಗೆ ಬಂತು. ತಾಯಿ ಕಾರ್ಖಾನೆಯ ಹೊತ್ತಾಯಿತೆಂದು ಕಣ್ಣೊರೆಸಿಕೊಂಡು ಓಡಿದಳು. ಮಧ್ಯಾಹ್ನಕ್ಕೂ ಹೀಗೇ ಆದರೆ ಶನಿವಾರದ ಪಟ್ಟಿಯ ಬಣ್ಣ ಏನೆಂದು ಅಕ್ಕನಿಗೆ ಈಗಲೇ ಗೊತ್ತಿತ್ತು.

ಅವಳು ಏಪ್ರನ್ ಬಿಚ್ಚಿ ರೇಡಿಯೋನ ಕೈಗೆ ಕೊಟ್ಟಳು. "ಒಂದು ಗಂಟೇಲಿ ಬರ್ತೀನಿ. ನನ್ನ ಕೋಣೆ ಬಾಗಿಲು ತೆಗೀಬೇಡ."

"ಬೀಗ ಹಾಕ್ಕೊಂಡು ಹೋಗಲ್ವಾ?" ಎಂದ ಅವನು, ನಿಜವಾಗಿ ಆಶ್ಚರ್ಯಪಟ್ಟು.

ಅಜ್ಜಿಯ ಮನೆ ಎರಡು ಬೀದಿ ಆಚೆ, ಒಂದರ ಮೇಲೊಂದು ಪೇರಿಸಿದ ಸಣ್ಣ ಮನೆಗಳ ಕಟ್ಟಡದಲ್ಲಿ. ಬಾಗಿಲು ಅರ್ಧ ತೆರೆದಿತ್ತು. ಒಂದೇ ಕೋಣೆ, ಮೂಲೆಯಲ್ಲಿ ನಲ್ಲಿ, ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಿದ ನಾಲ್ಕು ಪಾತ್ರೆ. ಅಜ್ಜಿ ಅವುಗಳಲ್ಲಿ ಒಂದನ್ನು ಮತ್ತೆ ತೊಳೆಯುತ್ತಿದ್ದಳು.

"ಚೀಲ ನೋಡೋಕೆ ಬಂದೆಯಾ?" ಎಂದಳು ತಿರುಗದೆ. "ಅಲ್ಲೇ ಮೊಳೆಗೆ ತೂಗುಹಾಕಿದೀನಿ. ನೋಡ್ಕೋ."

"ನೋಡಲ್ಲ."

"ನೋಡು. ಬಂದದ್ದಕ್ಕಾದ್ರೂ ನೋಡ್ಕೊಂಡು ಹೋಗು. ಕಾಗದ ಇದೆ. ಕ್ಯಾಂಟೀನಿಂದ ಎತ್ಕೊಂಡು ಬಂದಿದ್ದು. ಒಬ್ಬರಿಗೆ ಎರಡು ಅಂತ ಬೋರ್ಡು ಹಾಕಿದ್ದಾರೆ, ನಾನು ಹಿಡಿಹಿಡಿ ತಂದೆ. ಅದಕ್ಕೇ ಮುಚ್ಚಿಟ್ಟೆ. ಈ ವಯಸ್ಸಲ್ಲಿ ಕಾಗದ ಕದ್ಲು ಅಂತ ಎಲ್ಲರ ಮುಂದೆ ಅನ್ನಿಸ್ಕೋಬೇಕಿತ್ತಾ?"

"ಯಾಕಜ್ಜಿ ಅಷ್ಟು ಕಾಗದ?"

ಅಜ್ಜಿ ಈಗ ತಿರುಗಿದಳು. ಎರಡೂ ಕೈ ಎದುರು ಹಿಡಿದಳು. ಬೆರಳ ಸಂದುಗಳಲ್ಲಿ ಚರ್ಮ ಬಿಳಿಚಿ ಬಿರಿದು, ಉಗುರುಗಳು ಬುಡದವರೆಗೆ ಸವೆದಿದ್ದವು. ಮುಖಕ್ಕಿಂತ ಮೊದಲು ಕೈ ನೋಡುವವಳು ಈ ಕೈಗಳನ್ನು ಇದುವರೆಗೆ ನೋಡಿರಲಿಲ್ಲ, ಚೀಲವನ್ನಷ್ಟೇ ನೋಡಿದ್ದಳು.

"ಮೂವತ್ತೊಂದು ವರ್ಷ ಕಾಲೇಜು ಹಾಸ್ಟೆಲಲ್ಲಿ ಪಾತ್ರೆ ತೊಳೆದವಳು ನಾನು. ತಣ್ಣಗಾದ ಜಿಡ್ಡು ಏನು ಮಾಡುತ್ತೆ ಅಂತ ನಿನಗೆ ಗೊತ್ತಾ? ತಿಂದೋರು ಎದ್ದು ಹೋಗ್ತಾರೆ. ಒಬ್ಬರಾದ್ರೂ ಒಂದು ಚೂರು ಒರೆಸಿ ಇಟ್ಟಿದ್ರೆ ಅಂತ ದಿನಾ ಅಂದ್ಕೊಳ್ತಿದ್ದೆ. ನಿಮ್ಮ ಬಟ್ಟಲ ತಳದಲ್ಲಿ ಅಷ್ಟು ಎಣ್ಣೆ ನಿಂತಿರೋದು. ಅದನ್ನ ಹಾಗೇ ಕೆಳಗೆ ಕಳಿಸೋಕೆ ನನಗೆ ಮನಸ್ಸು ಬರ್ಲಿಲ್ಲ. ಅಲ್ಲಿ ತೊಳೆಯೋರು ಯಾರೋ, ಅವರಿಗೂ ಕೈ ಇರುತ್ತೆ."

ಅಕ್ಕ ಹೊಸ್ತಿಲಲ್ಲೇ ಕೂತುಬಿಟ್ಟಳು. "ಆ ಎಣ್ಣೇನೇ ಔಷಧಿ ಅಜ್ಜಿ. ಹಿತ್ತಿಲ ಬಾಗಿಲಿಂದ ಹೋಗೋದು ಅದೇ. ಒಂದು ತೊಟ್ಟೂ ಉಳೀಬಾರದಿತ್ತು."

"ನಾನು ಅದು ಬರೀ ಬಟ್ಟಲಿಗೆ ಅಂಟಿದ ಜಿಡ್ಡು ಅಂದ್ಕೊಂಡೆ," ಎಂದಳು ಅಜ್ಜಿ. ಅವಳ ದನಿ ಇಳಿಯಿತು. "ಬಟ್ಟಲ ಜೊತೆ ಬಂದ ಚೀಟೀಲಿ ಬರ್ದಿತ್ತಲ್ಲ, ಬಟ್ಟಲು ಖಾಲಿಯಾಗಿ ವಾಪಸ್ ಬರ್ಬೇಕು ಅಂತ. ನಾನು ಖಾಲಿ ಮಾಡಿಯೇ ಕಳಿಸ್ತಿದ್ದೆ."

"ಆ ಚೀಟಿ ಬರೆದೋಳು ನಾನೇ."

ಅಜ್ಜಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

"ಮಗು ಬೆಳಿಗ್ಗೆ ಏನೂ ತಿನ್ಲಿಲ್ಲ," ಎಂದಳು ಅಕ್ಕ. "ಬಾಗಿಲನ್ನೇ ನೋಡ್ತಿದೆ. ತಪ್ಪಾಯ್ತು ಅಜ್ಜಿ. ನನಗೆ ಎಷ್ಟು ಬೇಕಾದ್ರೂ ಬೈಯಿರಿ, ದಾರೀಲಿ ಬೈಕೊಂಡೇ ಬನ್ನಿ. ಹನ್ನೆರಡೂವರೆಗೆ ಊಟ ಇದೆ."

ಅಜ್ಜಿ ಕೈ ಒರೆಸಿಕೊಂಡಳು. "ಬರ್ತೀನಿ. ನಿನಗೋಸ್ಕರ ಅಲ್ಲ." ಚಪ್ಪಲಿ ಮೆಟ್ಟಿ ನಿಂತು ಮತ್ತೆ ಹೇಳಿದಳು: "ಒಂದು ಮಾತು. ನಾನು ತಿನ್ನಿಸೋವಾಗ ನೀನು ನೋಡಕೂಡದು. ಅಲ್ಲೇ ಇರ್ಬೇಕು, ಆದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ಕೋಬೇಕು. ನಿನ್ನ ಕಣ್ಣು ನನ್ನ ಕೈ ಮೇಲೆ ಬಿದ್ರೆ ನಾನು ಎದ್ದು ಬಂದುಬಿಡ್ತೀನಿ."

"ಸರಿ," ಎಂದಳು ಅಕ್ಕ. ಅದು ತಾನು ಒಪ್ಪಿಕೊಂಡ ಅತಿ ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಾದದ್ದು ಹನ್ನೆರಡೂವರೆಗೆ.

ವಾರ್ಡಿನ ಗೋಡೆಗೆ ತಿಳಿ ಹಸಿರು ಬಣ್ಣ ಬಳಿದಿದ್ದರು. ಅವಳ ಕಣ್ಣಿನ ಮಟ್ಟಕ್ಕೆ ಒಂದು ಕಡೆ ಬಣ್ಣ ಉಬ್ಬಿತ್ತು. ಬೆನ್ನ ಹಿಂದೆ ಮಗು ಅಜ್ಜಿಯನ್ನು ಕಂಡು ಮಾಡಿದ ಸದ್ದು ಕೇಳಿಸಿತು. ಚಮಚೆ ಬಟ್ಟಲಿಗೆ ತಗುಲಿದ ಸದ್ದು. "ಬಾ ಬಟಾಣಿ, ಆ ಅನ್ನು. ಅಲ್ಲಿ ಗೋಡೆಗೆ ಮುಖ ಮಾಡ್ಕೊಂಡು ಕೂತಿದ್ದಾರಲ್ಲ, ಅವರು ಪಾಠ ಒಪ್ಪಿಸದೆ ಶಿಕ್ಷೆ ಮಾಡಿಸ್ಕೊಂಡಿರೋರು." ಪಕ್ಕದ ಹಾಸಿಗೆಯ ತಾಯಿ ಕಿಸಕ್ಕನೆ ನಕ್ಕಳು. ಅಕ್ಕನ ಕಿವಿ ಬಿಸಿಯಾಯಿತು. ಎಷ್ಟು ತುತ್ತು ಹೋಯಿತು? ತಳ ಕೆರೆದಳೇ? ಬದಿ ಕೆರೆದಳೇ? ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ಅವಳು ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡಳು. ಅಡುಗೆಮನೆಯಿಂದ ತಾನೇ ತಂದುಕೊಟ್ಟ ರಬ್ಬರಿನ ಚಮಚೆ ಬಟ್ಟಲ ಸುತ್ತ ನಿಧಾನವಾಗಿ ಸುತ್ತುವುದು ಕೇಳಿಸಿತು, ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಮಗು ನುಂಗಿದ್ದು.

ಬಟ್ಟಲನ್ನು ಅಜ್ಜಿ ಹಿಂದಿನಿಂದಲೇ ಅವಳ ಕೈಗಿತ್ತಳು. ಅದನ್ನು ಕೆಳಗೆ ಕೊಂಡುಹೋಗಿ ತೂಗುವ ಅವಕಾಶವಿತ್ತು. ಗಾಜಿನ ಕೋಣೆಯವರೆಗೂ ಹೋದಳು. ತಕ್ಕಡಿಯ ಗುಂಡಿಯ ಮೇಲೆ ಬೆರಳೂ ಇಟ್ಟಳು. ಆಮೇಲೆ ಬಟ್ಟಲನ್ನು ರೇಡಿಯೋನ ತೊಟ್ಟಿಗೆ ಹಾಕಿ ಬಂದಳು. ಹೀಗೆ ಗುರುವಾರ ಉಳಿದ ಮೂರು ಹೊತ್ತು, ಶುಕ್ರವಾರ ನಾಲ್ಕು ಹೊತ್ತು. ಶುಕ್ರವಾರ ಪಟ್ಟಿ ಇನ್ನೂ ಗುಲಾಬಿಯೇ ಇತ್ತು. ಆ ದಿನ ಅವಳ ಗಂಡ, "ಏನಾಯ್ತೇ? ಮೂರು ಸಲ ಸಕ್ಕರೆ ಡಬ್ಬಿ ಪಕ್ಕ ಓಡಾಡ್ದೆ, ಒಂದು ಸಲನಾದ್ರೂ ತಿರುಗಿ ನೋಡ್ಲಿಲ್ಲವಲ್ಲ," ಎಂದ.

ಶನಿವಾರ ಅವಳು ಕೆಲಸದ ಹೊತ್ತಿಗಿಂತ ಮೊದಲೇ ಬಂದು ಮೂರನೇ ಮಹಡಿಯಲ್ಲಿದ್ದಳು. ತಾಯಿ ಅರ್ಧ ದಿನದ ರಜೆ ಹಾಕಿ ರಾತ್ರಿಯೇ ಬಂದು ಅಮ್ಮನ ಪಕ್ಕ ನೆಲದ ಮೇಲೆ ಮಲಗಿ ಎದ್ದಿದ್ದಳು. ಬಟಾಣಿ ಎಚ್ಚರವಾಗಿತ್ತು. ಹೊಟ್ಟೆ ಖಾಲಿ, ಬೆಳಗಿನ ಹೊತ್ತು, ಅದರ ಕೆಟ್ಟ ಗಳಿಗೆ. ಕಣ್ಣುಗುಡ್ಡೆ ಒಮ್ಮೆ ಎಡಕ್ಕೆ ಜಾರಿತು. ಮೂವರೂ ಉಸಿರು ಹಿಡಿದರು. ಕಣ್ಣು ಮತ್ತೆ ನಡುವಿಗೆ ಬಂದು, ಅಜ್ಜಿಯ ಮೂಗಿನ ಮೇಲೆ ನಿಂತಿತು. ಮಗು ಕೈ ಚಾಚಿ ಆ ಮೂಗು ಹಿಡಿಯಿತು.

ಸಿಸ್ಟರ್ ಪಟ್ಟಿ ಅದ್ದಿ ತಟ್ಟೆಯಲ್ಲಿಟ್ಟು, ಬೇರೆ ಮಗು ಅತ್ತಿತೆಂದು ಆ ಕಡೆ ಹೋದರು. ಅಕ್ಕ ಪಟ್ಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಯಾವ ಬಣ್ಣ?" ಎಂದಳು ಅಜ್ಜಿ. "ನನ್ನ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತೆ."

"ನೇರಳೆ," ಎಂದಳು ಅಕ್ಕ. "ಗಾಢ ನೇರಳೆ ಅಜ್ಜಿ."

ಅಜ್ಜಿ ಅವಳ ಮುಖವನ್ನು ಮೇಲಿನಿಂದ ಕೆಳಗೆ ನೋಡಿದಳು. ಪಟ್ಟಿಯನ್ನು ಅವಳ ಬೆರಳಿಂದ ಬಿಡಿಸಿಕೊಂಡಳು. ಮಗುವನ್ನು ಸೊಂಟಕ್ಕೆ ಏರಿಸಿ, ವಾರ್ಡಿನ ಆಚೆ ತುದಿಯವರೆಗೆ ನಡೆದುಹೋದಳು.

"ಸಿಸ್ಟರ್, ಇದೊಂಚೂರು ನೋಡಿ ಹೇಳಿ. ಆ ಯಮ್ಮನ ಮಾತು ನಂಬೋಕಾಗಲ್ಲ."

ಸಿಸ್ಟರ್ ನೋಡಿದರು. ಡಬ್ಬಿಯ ಮೇಲಿನ ಬಣ್ಣದ ಸಾಲಿಗೆ ಹಿಡಿದು ಮತ್ತೆ ನೋಡಿದರು. "ಸರಿಯಾಗೇ ಹೇಳಿದ್ದಾರೆ ಅಜ್ಜಿ. ಡಾಕ್ಟರಿಗೆ ತೋರಿಸ್ತೀನಿ. ಊಟ ನಿಲ್ಲಿಸಲ್ಲ ಇನ್ನು."

ತಾಯಿ ಎದ್ದು ಹೋಗಿ ಅಮ್ಮನ ಹೆಗಲಿಗೆ ಹಣೆ ಒತ್ತಿದಳು. ಕಿಟಕಿಯ ಬಳಿ ಅಕ್ಕ ಖಾಲಿ ಕೈ ಹಿಡಿದು ನಿಂತೇ ಇದ್ದಳು. ಇಷ್ಟು ವರ್ಷ ತನ್ನ ತಕ್ಕಡಿಯ ಆಚೆ ಬದಿಯಲ್ಲಿ ನಿಂತವರಿಗೆಲ್ಲ ಹೀಗೇ ಅನ್ನಿಸಿರಬೇಕು ಎಂಬುದು ಅವಳಿಗೆ ಮೊದಲ ಸಲ ಹೊಳೆಯಿತು.

"ಏನು ನಿಂತ್ಕೊಂಡೆ?" ಎಂದಳು ಅಜ್ಜಿ ಆ ತುದಿಯಿಂದಲೇ. "ಮಗೂಗೆ ಹಸಿವು. ಹೋಗು, ತೂಗ್ಕೊಂಡು ಬಾ."